ಹಳೇ ಆರ್‌ಪಿಜಿ ಮತ್ತೆ ಮಾಡ್ತೀವಿ ಅಂತ ಪಟ್ಟಿ ಎತ್ತಿದಾಗ ರೊಕ್ಕ ಹಾಕೋದು ಹೇಗೆ

ಹೋದ ತಿಂಗಳು ನಮ್ಮ ಕಾಕಾನ ಮಗ ಮನೆಗೆ ಬಂದ. ಚಹಾ ಕುಡಿಯೋದಕ್ಕೂ ಮೊದಲೇ ಫೋನ್ ನನ್ನ ಮುಂದೆ ಹಿಡಿದು, "ಅಣ್ಣಾ, ಇದಕ್ಕ ರೊಕ್ಕ ಹಾಕ್ಲೇನು?" ಅಂತ ಕೇಳಿದ. ಹೊಸ ಕೆಲಸಕ್ಕೆ ಜನರಿಂದ ರೊಕ್ಕ ಕೂಡಿಸೋ ಕಿಕ್‌ಸ್ಟಾರ್ಟರ್ ಅನ್ನೋ ವೆಬ್‌ಸೈಟಿನ ಪುಟ ಅದು. ಮೇಲಿನಿಂದ ಓರೆಯಾಗಿ ಕಾಣೋ ನಕ್ಷೆ, ಆರು ಜನರ ಗುಂಪು, ಕೆಳಗೆ ಉದ್ದನೆಯ ಮಾತುಕತೆ. ತೊಂಬತ್ತರ ದಶಕದ ಆರ್‌ಪಿಜಿ, ಅಂದರೆ ನಾವೇ ಪಾತ್ರವಾಗಿ ಕಥೆ ನಡೆಸೋ ಕಂಪ್ಯೂಟರ್ ಆಟ, ಹೇಗಿತ್ತೋ ಹಾಗೇ ಮಾಡಿಕೊಡ್ತೀವಿ ಅನ್ನೋ ಭರವಸೆ. "ತಡಿ ತಮ್ಮಾ, ಕೂಡು" ಅಂದೆ. ಒಂದು ತಾಸು ಮಾತಾಡಿದೆವು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಕಲಬುರಗಿಯಲ್ಲೋ ಬೀದರ್‌ನಲ್ಲೋ ಯಾದಗಿರಿಯಲ್ಲೋ ಕೂತು ಇಂಥದ್ದೇ ಪುಟ ನೋಡುತ್ತಾ ಯೋಚನೆ ಮಾಡುತ್ತಿರುವವರು ಇನ್ನೂ ಇದ್ದಾರೆ ಅಂತ ನನಗೆ ಗೊತ್ತು.

ಮೊದಲು ಒಂದು ಮಾತು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ನೀವು ಆಟ ಕೊಂಡುಕೊಳ್ಳುತ್ತಿಲ್ಲ. ಪಟ್ಟಿ ಕೊಡುತ್ತಿದ್ದೀರಿ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಾತ್ರೆಗೆ ನಾಟಕ ಆಡಬೇಕು ಅಂತ ಊರ ಹುಡುಗರು ನಿರ್ಧಾರ ಮಾಡುತ್ತಾರೆ. ತೊಗರಿ ಮಾರಿ ಕೈಯಲ್ಲಿ ನಾಲ್ಕು ಕಾಸು ಇರೋ ಹೊತ್ತು ನೋಡಿ ಮನೆ ಮನೆಗೆ ಬಂದು ಪಟ್ಟಿ ಎತ್ತುತ್ತಾರೆ. ನೀವು ಐನೂರು ಕೊಡುತ್ತೀರಿ. ಅದು ಟಿಕೆಟ್ ಅಲ್ಲ. ಆ ರೊಕ್ಕದಲ್ಲಿ ಮಾಸ್ತರನ್ನು ಕರೆಸುತ್ತಾರೆ, ಪೇಟಿ ತರಿಸುತ್ತಾರೆ, ಎರಡು ತಿಂಗಳು ರಾತ್ರಿ ತಾಲೀಮು ಮಾಡುತ್ತಾರೆ. ನಾಟಕ ಚಲೋ ಆಗಬಹುದು, ಕೆಡಬಹುದು, ಮಳೆ ಬಂದು ನಿಂತೇ ಹೋಗಬಹುದು. ಆಗ ನೀವು ಐನೂರು ವಾಪಸ್ ಕೇಳೋದಿಲ್ಲ. ಆದರೆ ಹುಡುಗರು ಲೆಕ್ಕ ಒಪ್ಪಿಸಬೇಕು, ಅದನ್ನಂತೂ ಕೇಳಿಯೇ ಕೇಳುತ್ತೀರಿ ಅಲ್ವಾ? ಕಿಕ್‌ಸ್ಟಾರ್ಟರ್ ನಡೆಯೋದೂ ಹೀಗೇ. ನಾವು ಅಂಗಡಿ ಅಲ್ಲ ಅಂತ ಆ ಕಂಪನಿಯೇ 2012ರಲ್ಲಿ ಬರೆದು ಹೇಳಿದೆ.

ಈ ಪಟ್ಟಿ ಯಾಕೆ ಬೇಕಾಯಿತು ಅನ್ನೋದು ಗೊತ್ತಿದ್ದರೆ ಮುಂದಿನದು ಸುಲಭ. 1997ರಲ್ಲಿ ಫಾಲ್‌ಔಟ್ ಬಂತು, 1998ರಲ್ಲಿ ಬಾಲ್ಡರ್ಸ್ ಗೇಟ್, 1999ರಲ್ಲಿ ಪ್ಲೇನ್‌ಸ್ಕೇಪ್: ಟಾರ್ಮೆಂಟ್, 2000ದಲ್ಲಿ ಬಾಲ್ಡರ್ಸ್ ಗೇಟ್ 2. ಆ ಕೊನೆಯದನ್ನು ನಾನು ಆಡಿದ್ದು ಸೂಪರ್ ಮಾರ್ಕೆಟ್ ಹತ್ತಿರದ ಒಂದು ಸೈಬರ್‌ನಲ್ಲಿ. ನಾಲ್ಕು ಸಿಡಿ ಇದ್ದವು. ಒಂದು ಊರಿನಿಂದ ಇನ್ನೊಂದಕ್ಕೆ ಹೋದರೆ ಬೇರೆ ಸಿಡಿ ಹಾಕು ಅಂತ ಕೇಳುತ್ತಿತ್ತು. ಮೂರನೇ ಸಿಡಿಗೆ ಗೀರು ಬಿದ್ದಿತ್ತು. ಅಂಗಿಯ ತುದಿಯಿಂದ ಒಳಗಿನಿಂದ ಹೊರಗೆ ನೇರವಾಗಿ ಒರೆಸಿ ಹಾಕಿದರೆ ಓದುತ್ತಿತ್ತು, ದುಂಡಗೆ ಒರೆಸಿದರೆ ಓದುತ್ತಿರಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡೇ ಆಡಿದೆ. ಎಷ್ಟೋ ಇಂಗ್ಲಿಷ್ ಪದ ಅಲ್ಲಿಂದಲೇ ಬಂದವು. ಗುಂಪಿನವರೆಲ್ಲ ಒಂದು ಕಡೆ ಸೇರದೆ ಆಟ ಮುಂದಿನ ಜಾಗಕ್ಕೆ ಬಿಡುತ್ತಿರಲಿಲ್ಲ, ಅದು ನನಗೆ ತುಂಬಾ ಇಷ್ಟವಾಗಿತ್ತು. ಒಬ್ಬರನ್ನೂ ಹಿಂದೆ ಬಿಟ್ಟು ಹೋಗೋ ಹಾಗಿಲ್ಲ.

ಆಮೇಲೆ ಇಂಥ ಆಟಗಳು ನಿಂತವು. ರೊಕ್ಕ ಕೊಡೋ ಪ್ರಕಾಶಕರು ಟಿವಿಗೆ ಹಚ್ಚಿ ಆಡೋ ಕನ್ಸೋಲ್ ಕಡೆ, ತ್ರೀಡಿ ಕಡೆ ಹೋದರು. ಟಾರ್ಮೆಂಟ್ ಮಾಡಿದ ಬ್ಲ್ಯಾಕ್ ಐಲ್ ಸ್ಟುಡಿಯೋ 2003ರ ಕೊನೆಗೆ ಮುಚ್ಚಿತು. ಅಲ್ಲಿಂದ ಹೊರಬಂದವರು ಆಬ್ಸಿಡಿಯನ್ ಅನ್ನೋ ಕಂಪನಿ ಕಟ್ಟಿದರು. ಇಂಟರ್‌ಪ್ಲೇ ಕಂಪನಿಯನ್ನು ಹುಟ್ಟುಹಾಕಿದ್ದ ಬ್ರಯಾನ್ ಫಾರ್ಗೋ ಅದನ್ನು ಬಿಟ್ಟು ಇನ್‌ಎಕ್ಸೈಲ್ ಅನ್ನೋ ಕಂಪನಿ ಶುರು ಮಾಡಿದರು. 1988ರ ವೇಸ್ಟ್‌ಲ್ಯಾಂಡ್‌ಗೆ ಎರಡನೇ ಭಾಗ ಮಾಡಬೇಕು ಅಂತ ಅವರಿಗೆ ವರ್ಷಗಟ್ಟಲೆ ಆಸೆ. ಯಾವ ಪ್ರಕಾಶಕರೂ ಒಪ್ಪಲಿಲ್ಲ. ಕೊನೆಗೆ 2012ರ ಮಾರ್ಚ್‌ನಲ್ಲಿ ಜನರ ಹತ್ತಿರ ಬಂದು 9 ಲಕ್ಷ ಡಾಲರ್ ಕೇಳಿದರು. 61 ಸಾವಿರಕ್ಕೂ ಜಾಸ್ತಿ ಜನ ಸೇರಿ ಸುಮಾರು 29 ಲಕ್ಷ ಕೊಟ್ಟರು. ಅದೇ ವರ್ಷ ಆಬ್ಸಿಡಿಯನ್ 11 ಲಕ್ಷ ಕೇಳಿತು, ಸುಮಾರು 74 ಸಾವಿರ ಜನ 39 ಲಕ್ಷದ ಮೇಲೆ ಕೊಟ್ಟರು. ಅದರಿಂದ ಪಿಲ್ಲರ್ಸ್ ಆಫ್ ಎಟರ್ನಿಟಿ ಬಂತು. ಆ 74 ಸಾವಿರದಲ್ಲಿ ನಾನೂ ಒಬ್ಬ. 25 ಡಾಲರ್ ಹಾಕಿದ್ದೆ, ಆಗಿನ ಲೆಕ್ಕದಲ್ಲಿ 1,300 ರೂಪಾಯಿ ಮೇಲೆ. ಇವತ್ತಿಗೂ ಆ ರೊಕ್ಕ ಹಾಕಿದ್ದಕ್ಕೆ ಖುಷಿ ಇದೆ.

ಈಗ ಕೆಲಸದ ಮಾತು. ಪುಟ ತೆರೆದ ಕೂಡಲೇ ವಿಡಿಯೋ ನೋಡಬೇಡಿ. ವಿಡಿಯೋದಲ್ಲಿ ಹಳೇ ಸಂಗೀತ ಹಾಕಿರುತ್ತಾರೆ, ಬಾಲ್ಯ ನೆನಪಾಗುತ್ತದೆ, ಕೈ ತಾನಾಗಿಯೇ ಕಾರ್ಡ್ ಕಡೆ ಹೋಗುತ್ತದೆ. ಮೊದಲು ಪಟ್ಟಿ ಎತ್ತುತ್ತಿರುವವರು ಯಾರು ಅಂತ ನೋಡಿ. ದೊಡ್ಡ ಹೆಸರು ಇದ್ದರೆ ಸಾಲದು. ಆ ತಂಡ ಈ ಹಿಂದೆ ಒಂದು ಆಟವನ್ನಾದರೂ ಕೊನೆ ತನಕ ಮುಟ್ಟಿಸಿ ಜನರ ಕೈಗೆ ಕೊಟ್ಟಿದೆಯಾ? ಊರಲ್ಲೂ ಹೀಗೇ ಅಲ್ವಾ, ಪೋಸ್ಟರ್‌ನಲ್ಲಿ ಯಾರ ಫೋಟೋ ಇದೆ ಅಂತ ನೋಡಿ ನಾವು ಪಟ್ಟಿ ಕೊಡೋದಿಲ್ಲ, ಹೋದ ವರ್ಷ ಇದೇ ಹುಡುಗರು ನಾಟಕ ಆಡಿ ಲೆಕ್ಕ ಕೊಟ್ಟಿದ್ದರಾ ಅಂತ ನೋಡಿ ಕೊಡುತ್ತೇವೆ.

ಹೆಸರು ಸಾಲದು ಅನ್ನೋದಕ್ಕೆ ಎರಡು ಉದಾಹರಣೆ. 2012ರ ಅಕ್ಟೋಬರ್‌ನಲ್ಲಿ ಹೆಸರಾಂತ ಆಟ ವಿನ್ಯಾಸಕರಾದ ಬ್ರೆಂಡಾ ಬ್ರಾಥ್‌ವೇಟ್ ಮತ್ತು ಟಾಮ್ ಹಾಲ್ ಹಳೇ ಶೈಲಿಯ ಆರ್‌ಪಿಜಿ ಮಾಡ್ತೀವಿ ಅಂತ 10 ಲಕ್ಷ ಡಾಲರ್ ಕೇಳಿದರು. ಇಬ್ಬರೂ ಕೆಲಸ ಬಲ್ಲವರು. ಆದರೆ ಆಟ ಏನು, ಜಗತ್ತು ಯಾವುದು, ಕಾದಾಟ ಹೇಗೆ ಅಂತ ಪುಟದಲ್ಲಿ ಸರಿಯಾಗಿ ಇರಲಿಲ್ಲ. ಜನ ನಂಬಲಿಲ್ಲ, ಅವರೇ ಮಧ್ಯದಲ್ಲಿ ಹಿಂದೆ ತಗೊಂಡರು. ಅದು ಮರ್ಯಾದೆಯ ಕೆಲಸ ಅಂತಲೇ ನನ್ನ ಅಭಿಪ್ರಾಯ, ಯಾರ ರೊಕ್ಕವೂ ಹೋಗಲಿಲ್ಲ. ಇನ್ನೊಂದು, ಅಲ್ಟಿಮಾ ಅನ್ನೋ ಹಳೇ ಆರ್‌ಪಿಜಿ ಸರಣಿ ಮಾಡಿದ ರಿಚರ್ಡ್ ಗ್ಯಾರಿಯಟ್ 2013ರಲ್ಲಿ ಶ್ರೌಡ್ ಆಫ್ ದಿ ಅವತಾರ್ ಅಂತ ಹೊರಟು 19 ಲಕ್ಷ ಡಾಲರ್ ಎತ್ತಿದರು. ಆಟ ಪೂರ್ತಿಯಾಗಿ ಹೊರಬಂದಿದ್ದು 2018ರಲ್ಲಿ. ಅಲ್ಟಿಮಾ ಆಡಿ ಬೆಳೆದವರು ಕಾಯುತ್ತಿದ್ದ ಆಟ ಅದಾಗಿರಲಿಲ್ಲ.

ಎರಡನೆಯದು ಲೆಕ್ಕ. ಇದನ್ನು ಪೆನ್ನು ಹಿಡಿದು ಮಾಡಿ. ಅಮೆರಿಕದ ಸ್ಟುಡಿಯೋಗಳಲ್ಲಿ ಒಬ್ಬ ಕೆಲಸಗಾರನಿಗೆ ತಿಂಗಳಿಗೆ ಸಂಬಳ, ಬಾಡಿಗೆ, ವಿಮೆ ಎಲ್ಲ ಸೇರಿ 10 ಸಾವಿರ ಡಾಲರ್ ಅಂತ ಒಂದು ಸಾಧಾರಣ ಅಂದಾಜು ಹಾಕುತ್ತಾರೆ. ಇಪ್ಪತ್ತು ಜನ ಎರಡು ವರ್ಷ ಕೆಲಸ ಮಾಡಿದರೆ 48 ಲಕ್ಷ ಆಯಿತು. ಈಗ ಯಾರೋ 5 ಲಕ್ಷ ಡಾಲರ್ ಕೊಡಿ, ಅರವತ್ತು ತಾಸಿನ ಆರ್‌ಪಿಜಿ ಕೊಡ್ತೀವಿ ಅಂದರೆ ಆ ರೊಕ್ಕ ಹತ್ತು ಜನರಿಗೆ ಐದು ತಿಂಗಳಿಗೆ ಮಾತ್ರ ಸಾಕು. ಅದರಲ್ಲೂ ಕಿಕ್‌ಸ್ಟಾರ್ಟರ್ 5% ತಗೊಳ್ಳುತ್ತದೆ, ಕಾರ್ಡ್ ಶುಲ್ಕ ಬೇರೆ. ಉಳಿದ ರೊಕ್ಕ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗೆ ಪುಟದಲ್ಲಿ ಉತ್ತರ ಇರಬೇಕು. ಇರದಿದ್ದರೆ ಪ್ರಶ್ನೆ ಕೇಳೋ ಜಾಗದಲ್ಲಿ ನೇರವಾಗಿ ಕೇಳಿ. ಚಲೋ ತಂಡದವರಿಗೆ ಸಿಟ್ಟು ಬರೋದಿಲ್ಲ.

ಕಡಿಮೆ ಕೇಳಿದರು ಅಂದ ಮಾತ್ರಕ್ಕೆ ಮೋಸ ಅಂತಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಬೆಲ್ಜಿಯಂನ ಲೇರಿಯನ್ 2013ರಲ್ಲಿ ಡಿವಿನಿಟಿ: ಒರಿಜಿನಲ್ ಸಿನ್‌ಗೆ ಕೇಳಿದ್ದು ಬರೀ 4 ಲಕ್ಷ ಡಾಲರ್, ಬಂದಿದ್ದು 9.44 ಲಕ್ಷ. ಆದರೆ ಆಟ ಆಗಲೇ ಅರ್ಧ ನಡೆಯುತ್ತಿತ್ತು, ಕಂಪನಿ ತನ್ನ ರೊಕ್ಕವನ್ನೂ ಸುರಿದಿತ್ತು. ಜನರ ರೊಕ್ಕದಿಂದ ಅದನ್ನು ಇನ್ನಷ್ಟು ದೊಡ್ಡದು ಮಾಡಿದರು. ಹಾಂಗ್‌ಕಾಂಗ್ ಹೆಸರಿನ ಶ್ಯಾಡೋರನ್ ಆಟಕ್ಕೆ 2015ರಲ್ಲಿ ಹೇರ್‌ಬ್ರೇನ್ಡ್ ಸ್ಕೀಮ್ಸ್‌ನವರು 1 ಲಕ್ಷ ಕೇಳಿದಾಗಲೂ ಇಷ್ಟೇ. ಆಟಕ್ಕೆ ಬೇಕಾದ ರೊಕ್ಕ ನಮ್ಮ ಹತ್ತಿರ ಇದೆ, ನೀವು ಕೊಟ್ಟರೆ ಇನ್ನೂ ಸೇರಿಸ್ತೀವಿ ಅಂತ ತೆರೆದೇ ಹೇಳಿದರು. 12 ಲಕ್ಷ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ಆಟವೂ ಬಂತು. ಹೀಗೆ ಬಿಚ್ಚಿ ಹೇಳುವವರಿಗೆ ನಾನು ಹಿಂದೆಮುಂದೆ ನೋಡದೆ ಕೊಡುತ್ತೇನೆ.

ಮೂರನೆಯದು ತಾರೀಕು. ಪುಟದಲ್ಲಿ ಬರೆದ ತಾರೀಕಿಗೆ ಒಂದು ವರ್ಷ ಸೇರಿಸಿ ಓದಿ. ವೇಸ್ಟ್‌ಲ್ಯಾಂಡ್ 2 ಬರಬೇಕಾಗಿದ್ದು 2013ರ ಅಕ್ಟೋಬರ್, ಬಂದಿದ್ದು 2014ರ ಸೆಪ್ಟೆಂಬರ್. ಪಿಲ್ಲರ್ಸ್ 2014ರ ಏಪ್ರಿಲ್ ಅಂದರು, 2015ರ ಮಾರ್ಚ್ ಆಯಿತು. ಟಾರ್ಮೆಂಟ್: ಟೈಡ್ಸ್ ಆಫ್ ನುಮೆನೆರಾ 2014ರ ಡಿಸೆಂಬರ್ ಅಂದಿದ್ದು 2017ರ ಫೆಬ್ರವರಿಗೆ ಕೈಸೇರಿತು. ಇದು ಮೋಸ ಅಲ್ಲ. ಕೇಳಿದ್ದಕ್ಕಿಂತ ಮೂರು ಪಟ್ಟು ರೊಕ್ಕ ಬಂದರೆ ಮೂರು ಪಟ್ಟು ಕೆಲಸವನ್ನೂ ಒಪ್ಪಿಕೊಂಡಿರುತ್ತಾರೆ.

ಅದಕ್ಕೇ ಸ್ಟ್ರೆಚ್ ಗೋಲ್ ಅನ್ನೋ ಭಾಗವನ್ನು ಎಚ್ಚರದಿಂದ ಓದಬೇಕು. ಇಷ್ಟು ಲಕ್ಷ ದಾಟಿದರೆ ಇನ್ನೊಂದು ಊರು, ಅಷ್ಟು ದಾಟಿದರೆ ಇನ್ನೊಬ್ಬ ಜೊತೆಗಾರ, ಮತ್ತೊಂದು ಭಾಷೆ ಅಂತ ಬರೆದಿರುತ್ತಾರಲ್ಲ, ಅದು. ನನಗೆ ಹೆಚ್ಚು ನೋವಾಗಿದ್ದು ಈ ಹೊಸ ಟಾರ್ಮೆಂಟ್, ಟೈಡ್ಸ್ ಆಫ್ ನುಮೆನೆರಾ ವಿಷಯದಲ್ಲಿ. 41 ಲಕ್ಷ ಡಾಲರ್ ಮೇಲೆ ಕೂಡಿತ್ತು, ಮೊದಲ ಗುರಿ ಆರೇ ತಾಸಿನಲ್ಲಿ ಮುಟ್ಟಿತ್ತು. ಕೊನೆಗೆ ಹೇಳಿದ್ದಕ್ಕಿಂತ ಜೊತೆಗಾರರು ಕಡಿಮೆಯಾದರು, ಇಟಾಲಿಯನ್ ಭಾಷೆಯ ಆವೃತ್ತಿ ಕೈಬಿಟ್ಟರು. ಕೈಬಿಟ್ಟಿದ್ದಕ್ಕಿಂತ ಆ ಸುದ್ದಿಯನ್ನು ತಡವಾಗಿ ಹೇಳಿದ್ದು ಜನರಿಗೆ ಜಾಸ್ತಿ ಬೇಜಾರು ತಂದಿತು. ಇಟಲಿಯ ಹುಡುಗರು ತಮ್ಮ ಭಾಷೆಯಲ್ಲಿ ಓದೋಕೆ ರೊಕ್ಕ ಹಾಕಿದ್ದರು. ಡಿಕ್ಷನರಿ ಹಿಡಿದು ಆಡಿದವನಿಗೆ ಅದು ಎಷ್ಟು ದೊಡ್ಡ ಮಾತು ಅಂತ ಗೊತ್ತಾಗುತ್ತದೆ. ಮುಂದೆ ಯಾವತ್ತಾದರೂ ಇಂಥ ಆಟ ಕನ್ನಡದಲ್ಲಿ ಬರ್ತದೆ ಅಂತ ಯಾರಾದರೂ ಬರೆದರೆ ನಾನು ಕಣ್ಣು ಮುಚ್ಚಿ ಹಾಕೋದಿಲ್ಲ. ಅನುವಾದ ಯಾರು ಮಾಡುತ್ತಾರೆ, ಎಷ್ಟು ಪುಟ, ಅದಕ್ಕೆ ರೊಕ್ಕ ಬೇರೆ ಎತ್ತಿಟ್ಟಿದ್ದಾರಾ ಅಂತ ಕೇಳುತ್ತೇನೆ. ಉತ್ತರ ಸರಿ ಇದ್ದರೆ ಎರಡು ಪಟ್ಟು ಹಾಕುತ್ತೇನೆ.

ರೊಕ್ಕ ಹಾಕಿದವರಿಗೆ ಕೊಡೋ ಬಹುಮಾನದ ವಿಷಯ ಸಣ್ಣದು, ಬೇಗ ಮುಗಿಸುತ್ತೇನೆ. ಡಿಜಿಟಲ್ ಪ್ರತಿ ಸಿಗೋ ಕೆಳಗಿನ ಮೆಟ್ಟಿಲನ್ನೇ ಆರಿಸಿ. ಡಬ್ಬಿ, ಬಟ್ಟೆ ನಕ್ಷೆ, ಗೊಂಬೆ ಎಲ್ಲ ಚಂದವೇ, ಆದರೆ ಸಾಗಣೆ ಖರ್ಚು ಸೇರುತ್ತದೆ, ಇಲ್ಲಿ ಕಸ್ಟಮ್ಸ್ ಸುಂಕವೂ ಬೀಳಬಹುದು. ಜಾಸ್ತಿ ಕೊಟ್ಟರೆ ಆಟದೊಳಗೆ ನಿಮ್ಮ ಹೆಸರಿನ ಪಾತ್ರ ಇಡ್ತೀವಿ ಅಂತಲೂ ಹೇಳುತ್ತಾರೆ. ಪಿಲ್ಲರ್ಸ್‌ನಲ್ಲಿ ಹಾಗೇ ಮಾಡಿದರು. ಬಂಗಾರದ ಬಣ್ಣದ ಹೆಸರು ಹೊತ್ತ ಜನ ಊರ ತುಂಬಾ ನಿಂತಿರುತ್ತಾರೆ, ಮಾತಾಡಿಸಿದರೆ ಕಥೆಗೆ ಸಂಬಂಧವೇ ಇಲ್ಲದ ಉದ್ದುದ್ದ ಬರಹ ಬರುತ್ತದೆ. ಗುಡಿಯಲ್ಲಿ ಫ್ಯಾನಿನ ರೆಕ್ಕೆ ಮೇಲೆ ದಾನಿಯ ಹೆಸರು ಬರೆಸಿರುತ್ತಾರಲ್ಲ, ಫ್ಯಾನ್ ತಿರುಗಿದರೆ ಅದು ಕಾಣೋದಿಲ್ಲ, ಗಾಳಿ ಮಾತ್ರ ಬರುತ್ತದೆ. ಆಟದಲ್ಲಿ ಹೆಸರು ಕಣ್ಣಿಗೆ ಅಡ್ಡ ಬರುತ್ತದೆ. ಹೆಸರು ಬೇಕಿದ್ದರೆ ಕೊನೆಯ ಕ್ರೆಡಿಟ್‌ನಲ್ಲಿ ಬಂದರೆ ಸಾಕು.

ಇನ್ನು ರೊಕ್ಕ ಕಳಿಸೋದು. ಇಲ್ಲಿ ನಮ್ಮವರು ಎಡವುತ್ತಾರೆ, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. 2020ರ ನಂತರ ಕೊಟ್ಟ ಹೊಸ ಕಾರ್ಡ್‌ಗಳಲ್ಲಿ ಹೊರದೇಶದ ವ್ಯವಹಾರ ಬಂದ್ ಆಗಿಯೇ ಇರುತ್ತದೆ, ಅದು ರಿಸರ್ವ್ ಬ್ಯಾಂಕ್ ನಿಯಮ. ಬ್ಯಾಂಕಿನ ಆ್ಯಪ್‌ಗೆ ಹೋಗಿ ನೀವೇ ಆನ್ ಮಾಡಬೇಕು. ಮಿತಿಯನ್ನು ಮೂರು ಸಾವಿರ, ನಾಲ್ಕು ಸಾವಿರ ಅಂತ ಕಡಿಮೆ ಇಡಿ. ಡಾಲರ್ ದರದ ಮೇಲೆ ಬ್ಯಾಂಕ್ ತನ್ನ ಶುಲ್ಕ ಹಾಕುತ್ತದೆ, ಅದರ ಮೇಲೆ ಜಿಎಸ್‌ಟಿ. 25 ಡಾಲರ್ ಅಂದರೆ ಈಗ ಎರಡು ಸಾವಿರ ದಾಟುತ್ತದೆ ಅನ್ನೋದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಒತ್ತಿ.

ಒತ್ತಿದ ದಿನ ರೊಕ್ಕ ಹೋಗೋದಿಲ್ಲ. ಅಭಿಯಾನ ಮುಗಿದು ಗುರಿ ಮುಟ್ಟಿದರೆ ಮಾತ್ರ ಹೋಗುತ್ತದೆ, ಮುಟ್ಟದಿದ್ದರೆ ಒಂದು ಪೈಸೆಯೂ ಹೋಗೋದಿಲ್ಲ. ಇದು ಒಳ್ಳೆಯದೇ, ಆದರೆ ಇದರಲ್ಲೇ ಒಂದು ತೊಡಕೂ ಇದೆ. ಒಂದು ಸಲ ನಾನು ರೊಕ್ಕ ಹಾಕ್ತೀನಿ ಅಂತ ಒತ್ತಿ ಸುಮ್ನೆ ಇದ್ದೆ. ತಿಂಗಳಾದ ಮೇಲೆ ಅವರು ರೊಕ್ಕ ಎಳೆದುಕೊಳ್ಳೋ ಹೊತ್ತಿಗೆ ಬ್ಯಾಂಕ್ ತಡೆದುಬಿಟ್ಟಿತ್ತು. ಮೇಲ್ ಬಂದಿತ್ತು, ನೋಡಿರಲಿಲ್ಲ. ಹೀಗಾದಾಗ ಸರಿ ಮಾಡಿಕೊಳ್ಳೋಕೆ ಏಳು ದಿನ ಟೈಮ್ ಕೊಡುತ್ತಾರೆ. ನಾನು ಐದನೇ ದಿನ ನೋಡಿದೆ. ಬ್ಯಾಂಕಿಗೆ ಫೋನ್ ಮಾಡಿದರೆ ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುತ್ತಾ ಹೋದರು, ಕೆಲಸ ಆಗಲಿಲ್ಲ. ಕೊನೆಗೆ ನಮ್ಮ ಅಕ್ಕನ ಕಾರ್ಡ್ ತಗೊಂಡು ಹೊಸದಾಗಿ ಹಾಕಿದೆ, ಓಟಿಪಿ ಬಂತು, ಹೋಯಿತು. ಅದಕ್ಕೇ ಅಭಿಯಾನ ಮುಗಿಯೋ ತಾರೀಕನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ಅವತ್ತು ಖಾತೆಯಲ್ಲಿ ರೊಕ್ಕ ಇರಲಿ, ಹೊರದೇಶದ ಬಟನ್ ಆನ್ ಇರಲಿ, ಮೇಲ್ ನೋಡಿ. ಮುಗಿದ ಮೇಲೆ ಬಟನ್ ಮತ್ತೆ ಬಂದ್ ಮಾಡಿ.

ಇಷ್ಟೆಲ್ಲ ಕೇಳಿಸಿಕೊಂಡು ತಮ್ಮ ಒಂದು ಮಾತು ಕೇಳಿದ. "ಅಣ್ಣಾ, ಆಟ ಬಂದ ಮ್ಯಾಲ ಸ್ಟೀಮ್‌ನ್ಯಾಗ ಇನ್ನೂ ಕಮ್ಮಿ ರೇಟಿಗೆ ಸಿಗ್ತದಲ್ಲ, ಈಗ್ಯಾಕ ಹಾಕಬೇಕು?" ಸರಿಯಾದ ಪ್ರಶ್ನೆ. ಸ್ಟೀಮ್ ಅನ್ನೋ ಆನ್‌ಲೈನ್ ಆಟದ ಅಂಗಡಿಯಲ್ಲಿ ಎಷ್ಟೋ ಸಲ ರೂಪಾಯಿ ದರದಲ್ಲಿ, ಸೇಲ್‌ನಲ್ಲಿ ಅರ್ಧಕ್ಕೇ ಸಿಗುತ್ತದೆ. ರೊಕ್ಕ ಉಳಿಸೋದೇ ಉದ್ದೇಶ ಆದರೆ ಕಾಯಿರಿ, ಅದರಲ್ಲಿ ತಪ್ಪಿಲ್ಲ. ನಾನು ನೋಡೋದು ಒಂದೇ. ಜನರ ರೊಕ್ಕ ಬರದಿದ್ದರೆ ಈ ಆಟ ಹುಟ್ಟುತ್ತಿತ್ತಾ? ಹುಟ್ಟುತ್ತಿರಲಿಲ್ಲ ಅನ್ನಿಸಿದರೆ ಈಗಲೇ ಕೊಡುತ್ತೇನೆ. ದೊಡ್ಡ ಕಂಪನಿ ಹಿಂದೆ ಇದ್ದು ಬರೀ ಪ್ರಚಾರಕ್ಕೆ ಪಟ್ಟಿ ಎತ್ತುತ್ತಿದ್ದರೆ ಬಂದ ಮೇಲೆ ನೋಡೋಣ ಅನ್ನುತ್ತೇನೆ.

ಪಾಲು ಸಿಗುತ್ತದೆ ಅನ್ನೋ ಆಸೆಯೂ ಬೇಡ. 2018ರ ನವೆಂಬರ್‌ನಲ್ಲಿ ಆಬ್ಸಿಡಿಯನ್ ಮತ್ತು ಇನ್‌ಎಕ್ಸೈಲ್ ಎರಡನ್ನೂ ತಗೊಳ್ಳುತ್ತಿದ್ದೇವೆ ಅಂತ ಮೈಕ್ರೋಸಾಫ್ಟ್ ಹೇಳಿತು. ಕಿಕ್‌ಸ್ಟಾರ್ಟರ್‌ನಲ್ಲಿ ರೊಕ್ಕ ಹಾಕಿದ ನಮಗೆ ಅದರಲ್ಲಿ ಏನೂ ಬರಲಿಲ್ಲ, ಬರಬೇಕು ಅಂತ ಒಪ್ಪಂದವೂ ಇರಲಿಲ್ಲ. ಅವತ್ತು ಮನಸ್ಸಿಗೆ ಸ್ವಲ್ಪ ಕಸಿವಿಸಿ ಆಯಿತು, ನಮ್ಮದು ಅಂದುಕೊಂಡಿದ್ದು ಬೇರೆಯವರ ಮನೆಗೆ ಹೋದ ಹಾಗೆ. ಆದರೆ ಇನ್ನೊಂದು ಕಡೆ ನೋಡಿ. ಲೇರಿಯನ್ 2015ರಲ್ಲಿ ಎರಡನೇ ಒರಿಜಿನಲ್ ಸಿನ್‌ಗೆ 20 ಲಕ್ಷ ಡಾಲರ್ ಎತ್ತಿತು, 2017ರಲ್ಲಿ ಕೊಟ್ಟಿತು, ಅದು ಮೊದಲನೆಯದಕ್ಕಿಂತ ಚಲೋ ಇತ್ತು. ಅದೇ ಕಂಪನಿ 2023ರಲ್ಲಿ ಬಾಲ್ಡರ್ಸ್ ಗೇಟ್ 3 ತಂದಿತು. ಗೀರು ಬಿದ್ದ ಸಿಡಿಯಲ್ಲಿ ನಿಂತುಹೋಗಿದ್ದ ಆಟದ ಮೂರನೇ ಭಾಗ ಆ ವರ್ಷದ ಅತ್ಯುತ್ತಮ ಆಟ ಅಂತ ಪ್ರಶಸ್ತಿ ತಗೊಂಡಾಗ ರಾತ್ರಿ ನಿದ್ದೆ ಬರಲಿಲ್ಲ ನನಗೆ. ಪಟ್ಟಿ ಎತ್ತಿದ ಹುಡುಗರು ಬೆಂಗಳೂರಿಗೆ ಹೋಗಿ ದೊಡ್ಡ ರಂಗದಲ್ಲಿ ನಾಟಕ ಆಡಿ ಗೆದ್ದಷ್ಟು ಖುಷಿ.

ರೊಕ್ಕ ಹಾಕಿದ ಮೇಲೆ ತಿಂಗಳಿಗೊಮ್ಮೆ ಅವರು ಬರೆಯೋ ವರದಿ ಓದಿ. ಚಿತ್ರ ಮಾತ್ರ ಹಾಕಿ ಕೆಲಸದ ಮಾತು ಬಿಟ್ಟರೆ ಕೇಳಿ. ಏನನ್ನು ತೆಗೆದಿದ್ದಾರೆ, ಯಾಕೆ ತೆಗೆದಿದ್ದಾರೆ ಅಂತ ಬರೆದರೆ ಬೈಬೇಡಿ, ಅಂಥವರೇ ಬೇಕು. ಬೀಟಾ, ಅಂದರೆ ಆಟ ಪೂರ್ತಿ ಆಗೋ ಮೊದಲಿನ ಪರೀಕ್ಷೆಯ ಪ್ರತಿ, ಸಿಕ್ಕರೆ ಆಡಿ, ತಪ್ಪು ಕಂಡಲ್ಲಿ ಬರೆದು ಕಳಿಸಿ. ಅಕ್ಷರ ಸಣ್ಣದಿದ್ದರೆ ಅದನ್ನೂ ಹೇಳಿ, ಇವು ಓದೋ ಆಟಗಳು.

ಕಾಯೋ ಎರಡು ವರ್ಷದಲ್ಲಿ ಹಳೆಯದನ್ನು ಆಡಿ ನೋಡಿ, ಇಲ್ಲದಿದ್ದರೆ ಏನಕ್ಕೆ ರೊಕ್ಕ ಹಾಕಿದ್ದೀರಿ ಅಂತಲೇ ತಿಳಿಯೋದಿಲ್ಲ. ಗಾಗ್ ಅನ್ನೋ ಅಂಗಡಿ 2008ರಿಂದ ಹಳೇ ಆಟಗಳನ್ನು ಈಗಿನ ಕಂಪ್ಯೂಟರ್‌ಗೆ ಹೊಂದಿಸಿ, ಬೀಗ ಹಾಕದೆ ಮಾರುತ್ತದೆ. ಒಂದು ಸಲ ಇಳಿಸಿಕೊಂಡರೆ ಆಡೋಕೆ ನೆಟ್ ಬೇಕಿಲ್ಲ. ಹಳೇ ಲ್ಯಾಪ್‌ಟಾಪ್‌ಗೂ ಭಾರ ಆಗೋದಿಲ್ಲ. ತಮ್ಮನಿಗೆ ನಾನು ಬಾಲ್ಡರ್ಸ್ ಗೇಟ್ ಒಂದರಿಂದಲೇ ಶುರು ಮಾಡಿಸಿದೆ. ಆ ಓರೆ ನೋಟ ಮೊದಲು ಅವನಿಗೆ ಒಗ್ಗಲಿಲ್ಲ, ಬೀದರ್ ಕೋಟೆಯ ಬುರುಜಿನ ಮೇಲೆ ನಿಂತು ಕೆಳಗಿನ ಅಂಗಳ ನೋಡಿದ್ದು ನೆನಪಿಸಿದೆ, ಆಗ ಹೊಂದಿತು. ಕಷ್ಟದ ಮಟ್ಟ ಸುಲಭದಲ್ಲಿ ಇಡಿ. ಹೊಡೆದಾಟ ಶುರುವಾದ ಕೂಡಲೇ ಸ್ಪೇಸ್ ಒತ್ತಿ ನಿಲ್ಲಿಸಿ, ಒಬ್ಬೊಬ್ಬರಿಗೂ ಏನು ಮಾಡಬೇಕು ಅಂತ ಹೇಳಿ, ಮತ್ತೆ ಒತ್ತಿ. ಮತ್ತೆ ಬ್ಯಾಟರಿ ಕೆಟ್ಟ ಲ್ಯಾಪ್‌ಟಾಪ್ ಆದರೆ ಹತ್ತು ನಿಮಿಷಕ್ಕೊಮ್ಮೆ ಸೇವ್ ಮಾಡಿ, ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳೋಕಾಗೋದಿಲ್ಲ.